ಬಣ್ಣದ ಕಾಗದ ಎಲ್ಲಿ ಸಿಗುತ್ತದೆ?

ನವರಾತ್ರಿ ಮುಗಿದು, ಹುಲಿವೇಷದ ತಾಸೆಯ ಸದ್ದು ಕಿವಿಯಿಂದ ಇಳಿಯುವ ಹೊತ್ತಿಗೆ ಮಂಗಳೂರಿನ ಅಂಗಡಿಗಳ ಮುಂದೆ ಗೂಡುದೀಪಗಳು ತೂಗಾಡತೊಡಗುತ್ತವೆ. ಘಟ್ಟದ ಮೇಲಿನವರು ಇದನ್ನು ಆಕಾಶಬುಟ್ಟಿ ಎನ್ನುತ್ತಾರೆ. ನಮಗೆ ಗೂಡುದೀಪವೇ. ಹಕ್ಕಿಗೊಂದು ಗೂಡು ಇರುವ ಹಾಗೆ ದೀಪಕ್ಕೂ ಒಂದು ಗೂಡು. ದೀಪಾವಳಿಗೆ ಏರಿಸಿದ್ದು ತುಳಸಿಪೂಜೆ ಮುಗಿಯುವ ತನಕ ಮನೆಯ ಮುಂದೆ ಬೆಳಗುತ್ತದೆ.

ಈಗ ಅಂಗಡಿಗಳಲ್ಲಿ ಎಷ್ಟು ಬಗೆ! ಮಡಚಿ ಇಡುವಂಥದ್ದು, ಪ್ಲಾಸ್ಟಿಕ್ಕಿನದ್ದು, ಒಳಗಿನ ದೀಪ ತಾನಾಗಿಯೇ ಬಣ್ಣ ಬದಲಿಸುವಂಥದ್ದು. ಗೂಡುದೀಪಕ್ಕೆ ನಮ್ಮ ಊರಲ್ಲಿ ಬರ ಬಂದಿಲ್ಲ. ಗೂಡುದೀಪ ಮಾಡುವ ಸಾಮಾನಿಗೆ ಬರ ಬಂದಿದೆ. ಇದು ನನಗೆ ಗೊತ್ತಾದದ್ದು ಎರಡು ವರ್ಷದ ಹಿಂದೆ, ಆರನೇ ಕ್ಲಾಸಿನ ನನ್ನ ಪುಳ್ಳಿ ಬಂದು, “ಅಜ್ಜೀ, ಈ ಸರ್ತಿ ಅಂಗಡಿಯದ್ದು ಬೇಡ. ನಾವೇ ಮಾಡುವ” ಎಂದಾಗ.

ಬೇಕಾದದ್ದು ಏನು ಮಹಾ? ಬಿದಿರಿನ ಕಡ್ಡಿ, ನೂಲು, ಅಂಟು ಮತ್ತು ಬಣ್ಣದ ತೆಳು ಕಾಗದ. ನಾನು ಚಿಕ್ಕವಳಿದ್ದಾಗ ಇದಕ್ಕೆಲ್ಲ ಅರ್ಧ ಗಂಟೆ ಸಾಕಿತ್ತು. ಪುಳ್ಳಿ ಒಂದು ಹಳೆಯ ನೋಟ್‌ಬುಕ್ಕಿನಲ್ಲಿ ಪಟ್ಟಿ ಬರೆದುಕೊಂಡಳು. ಶನಿವಾರ ಮಧ್ಯಾಹ್ನ ಊಟ ಮುಗಿಸಿ ಮಣ್ಣಗುಡ್ಡೆಯಿಂದ ಹೊರಟೆವು.

ಮೊದಲು ಹಂಪನಕಟ್ಟೆ. ನಾನು ಟೀಚರ್ ಆಗಿದ್ದಾಗ ಶಾಲೆಗೆ ಬೇಕಾದ ಚಾರ್ಟು, ಬಣ್ಣ, ಕ್ರೇಪ್ ಕಾಗದ ಎಲ್ಲವನ್ನೂ ಕೊಳ್ಳುತ್ತಿದ್ದ ಒಂದು ಅಂಗಡಿ ಅಲ್ಲಿತ್ತು. ಈಗ ಅದೇ ಜಾಗದಲ್ಲಿ ಮೊಬೈಲಿನ ಕವಚ ಮಾರುತ್ತಾರೆ. ಪಕ್ಕದ ಸ್ಟೇಷನರಿ ಅಂಗಡಿಯ ಹುಡುಗ ಒಳ್ಳೆಯವನೇ. ಬಣ್ಣದ ಕಾಗದ ಎಂದ ಕೂಡಲೇ ಮಿರಿಮಿರಿ ಮಿಂಚುವ ಹಾಳೆಗಳನ್ನು ತೆಗೆದು ಹರಡಿದ. “ಇದರಲ್ಲಿ ಬೆಳಕು ದಾಟುವುದಿಲ್ಲವಲ್ಲ ಮಗಾ” ಎಂದೆ. “ಈಗ ಎಲ್ಲರೂ ಇದನ್ನೇ ಕೊಂಡುಹೋಗುವುದು ಅಜ್ಜಿ” ಎಂದ.

ಅಲ್ಲಿಂದ ಬಂದರಿನ ಕಡೆಗೆ, ಸಗಟು ಅಂಗಡಿಗಳ ಭವಂತಿ ಸ್ಟ್ರೀಟಿಗೆ. ಅಲ್ಲಿ ಕಾಗದ ಸಿಗುವುದು ಕಟ್ಟಿನ ಲೆಕ್ಕದಲ್ಲಿ. ಮೂರು ಹಾಳೆ ಎಂದರೆ ನಕ್ಕುಬಿಡುತ್ತಾರೆ. ಮಾಲಿಗೆ ಹೋದೆವು. ಅಲ್ಲಿ ಗೂಡುದೀಪದ ‘ಕಿಟ್’ ಇತ್ತು. ಕತ್ತರಿಸಿಟ್ಟ ರಟ್ಟು, ಅಂಟಿಸಲು ಸ್ಟಿಕ್ಕರ್. ಪುಳ್ಳಿ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಇದರಲ್ಲಿ ನಾವು ಮಾಡುವುದು ಏನುಂಟು?” ಎಂದು ಅಲ್ಲೇ ಇಟ್ಟಳು. ರಾತ್ರಿ ಮಗ ಮೊಬೈಲಿನಲ್ಲಿ ಹುಡುಕಿ ಒಂದು ಕಟ್ಟು ತರಿಸಿದ. ಐದು ದಿನದ ಮೇಲೆ ಬಂದದ್ದು ನೋಡಿದರೆ ಉಡುಗೊರೆ ಸುತ್ತುವ ದಪ್ಪ ಕಾಗದ. ಚಿತ್ರದಲ್ಲಿ ಕಾಗದದ ಬಣ್ಣ ಕಾಣುತ್ತದೆ, ದಪ್ಪ ಕಾಣುವುದಿಲ್ಲ. ಅದು ಗೊತ್ತಾಗಬೇಕಾದರೆ ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಬೇಕು.

ಮಕ್ಕಳೇ, ಕಾಗದದ ದಪ್ಪಕ್ಕೆ ಯಾಕೆ ಇಷ್ಟು ರಗಳೆ ಎಂದು ಕೇಳಬಹುದು. ಒಂದು ಟಾರ್ಚ್ ತೆಗೆದುಕೊಂಡು ಪರೀಕ್ಷೆ ಮಾಡಿ. ಮಿಂಚುವ ಹಾಳೆಯ ಹಿಂದೆ ಟಾರ್ಚ್ ಹಿಡಿದರೆ ಕತ್ತಲೆ. ಸಿಹಿತಿಂಡಿಯ ಪೊಟ್ಟಣಕ್ಕೆ ಸುತ್ತುವ ಪಾರದರ್ಶಕ ಹಾಳೆಯ ಹಿಂದೆ ಹಿಡಿದರೆ ಬಲ್ಬೇ ನೆಟ್ಟಗೆ ಕಣ್ಣಿಗೆ ಚುಚ್ಚುತ್ತದೆ. ತೆಳು ಕಾಗದದ ಹಿಂದೆ ಹಿಡಿದರೆ ಬಲ್ಬು ಕಾಣುವುದಿಲ್ಲ, ಇಡೀ ಹಾಳೆಯೇ ಬೆಳಗುತ್ತದೆ. ಆ ಕಾಗದದ ಸಣ್ಣ ಸಣ್ಣ ನಾರುಗಳು ಬೆಳಕನ್ನು ಎಲ್ಲ ದಿಕ್ಕಿಗೂ ಚೆದುರಿಸುತ್ತವೆ. ಗೂಡುದೀಪದ ಚಂದವೆಲ್ಲ ಇರುವುದು ಈ ಚೆದುರುವಿಕೆಯಲ್ಲಿ.

ಕಾಗದಕ್ಕಾಗಿ ಇಷ್ಟು ಅಲೆದಾಟ, ಅದೂ ಮಂಗಳೂರಿನಲ್ಲಿ! ನಮ್ಮ ಊರಿಗೂ ಕಾಗದಕ್ಕೂ ಹಳೆಯ ನಂಟು. 1841ರಲ್ಲಿ ಬಾಸೆಲ್ ಮಿಷನ್ನಿನವರು ಇಲ್ಲಿ ಕಲ್ಲಚ್ಚಿನ ಮುದ್ರಣಾಲಯ ತೆರೆದರು. 1843ರ ಜುಲೈ 1ರಂದು ಹರ್ಮನ್ ಮೋಗ್ಲಿಂಗ್ ಅವರು ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ವನ್ನು ಹೊರತಂದದ್ದು ಇಲ್ಲಿಂದಲೇ. 1894ರಲ್ಲಿ ಕಿಟ್ಟೆಲ್ ಅವರ ದೊಡ್ಡ ನಿಘಂಟು ಅಚ್ಚಾದದ್ದೂ ಇಲ್ಲೇ. ನನ್ನ ಬಾಲ್ಯದಲ್ಲಿ ನಮ್ಮ ಮನೆಯ ಹತ್ತಿರವೂ ಒಂದು ಸಣ್ಣ ಪ್ರೆಸ್ ಇತ್ತು. ಅಲ್ಲಿ ಕತ್ತರಿಸಿ ಉಳಿದ ಕಾಗದದ ಚೂರುಗಳನ್ನು ಮಡಿಲಲ್ಲಿ ತುಂಬಿಸಿಕೊಂಡು ಬಂದು ಗೂಡುದೀಪದ ಬಾಲ ಮಾಡುತ್ತಿದ್ದೆವು.

ಆ ನೆನಪಿನಿಂದಲೇ ಒಂದು ದಾರಿ ಹೊಳೆಯಿತು. ಸಾಮಾನು ಮಾರುವ ಅಂಗಡಿ ಮುಚ್ಚಿದರೂ ಆ ಸಾಮಾನನ್ನು ಕೆಲಸಕ್ಕೆ ಬಳಸುವವರು ಊರಲ್ಲಿ ಇರುತ್ತಾರಲ್ಲ, ಅವರನ್ನು ಕೇಳಿದರೆ?

ಕಡ್ಡಿಗಾಗಿ ಬುಟ್ಟಿ ಮಾರಲು ಕೂತಿದ್ದ ಒಬ್ಬ ಹೆಂಗಸಿನ ಹತ್ತಿರ ಹೋದೆವು. “ದಾಯೆಗ್?” ಎಂದರು. ಯಾಕೆಂದು ಹೇಳಿದ ಕೂಡಲೇ ಅವರ ಮುಖ ಅರಳಿತು. ಬಿದಿರಿನ ಒಂದು ತುಂಡು ತೆಗೆದು, ಕತ್ತಿಯಲ್ಲಿ ಸರಸರ ಸೀಳಿ, ಒಂದೇ ಅಳತೆಯ ಕಡ್ಡಿಗಳನ್ನು ಮಾಡಿಕೊಟ್ಟರು. ಹಸಿರು ಸಿಪ್ಪೆಯ ಬದಿಯ ಕಡ್ಡಿ ಗಟ್ಟಿ, ಒಳಗಿನ ತಿರುಳಿನದ್ದು ಬೇಗ ಮುರಿಯುತ್ತದೆ ಎಂದು ಎರಡನ್ನೂ ಪುಳ್ಳಿಯ ಕೈಗೆ ಕೊಟ್ಟು ಬಗ್ಗಿಸಿ ನೋಡಲು ಹೇಳಿದರು. ಯಾವ ಕಿಟ್ಟಿನಲ್ಲೂ ಈ ಪಾಠ ಇರಲಿಲ್ಲ. ಹಳ್ಳಿಯಲ್ಲಿ ತೋಟ ಇರುವವರಿಗೆ ಅಡಿಕೆ ಮರದ ಸಲಾಕೆಯೂ ಆದೀತು.

ಅಂಟಿನ ಪಾಠ ಹೇಳಿಕೊಟ್ಟವರು ಪುಸ್ತಕ ಬೈಂಡ್ ಮಾಡುವ ಒಬ್ಬರು. ಮೈದಾ ಹಿಟ್ಟನ್ನು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ತಿರುವುತ್ತಾ ಇದ್ದರೆ ಬಿಳಿ ಹೋಗಿ ಗಂಜಿಯಂತೆ ಹೊಳಪು ಬರುತ್ತದೆ. ಆಗ ಇಳಿಸಬೇಕು. ಜಿರಳೆ ಮುಟ್ಟದಿರಲಿ ಎಂದು ಅವರು ಚಿಟಿಕೆ ಮೈಲುತುತ್ತು ಹಾಕುತ್ತಾರಂತೆ. ಅಡಿಕೆಗೆ ಔಷಧಿ ಬಿಡುವಾಗ ಸುಣ್ಣದ ಜೊತೆ ಕಲಸುವ ಅದೇ ನೀಲಿ ಹರಳು. ಅದು ವಿಷ. ಮಕ್ಕಳಿರುವ ಮನೆಯಲ್ಲಿ ಬೇಡವೇ ಬೇಡ. ಅಂದಂದಿಗೆ ಬೇಕಾದಷ್ಟೇ ಅಂಟು ಕಾಯಿಸಿಕೊಂಡರೆ ಆಯಿತು.

ಕಾಗದ? ಅದನ್ನೂ ಬೈಂಡರೇ ಹೇಳಿದರು. “ರಥಬೀದಿಯಲ್ಲಿ ಒಬ್ಬರು ಮಾಮ್ ಇದ್ದಾರೆ. ಅವರಲ್ಲಿ ಇರಬಹುದು, ಬೇಗ ಹೋಗಿ.”

ಅಂಗಡಿ ಅಂದರೆ ಎರಡು ಬಾಗಿಲಿನಷ್ಟು ಅಗಲ. ಎಪ್ಪತ್ತು ದಾಟಿದ ಮಾಮ್ ಒಬ್ಬರೇ ಕೂತಿದ್ದರು. ನಾವು ಕೇಳಿದ್ದಕ್ಕೆ ಉತ್ತರ ಹೇಳುವ ಮೊದಲು ಅವರೇ ಕೇಳಿದರು: “ಕಡ್ಡಿ ಎಷ್ಟು ಉದ್ದ?” ಒಂಬತ್ತು ಇಂಚು ಎಂದಳು ಪುಳ್ಳಿ. “ಹಾಗಾದರೆ ಮೂರು ಹಾಳೆ ಸಾಕು. ಚೌಕಕ್ಕೆ ಒಂದು, ತ್ರಿಕೋನಕ್ಕೆ ಒಂದು, ಬಾಲಕ್ಕೆ ಒಂದು.” ಮನೆಗೆ ಬಂದು 20 ಇಂಚು ಅಗಲ, 30 ಇಂಚು ಉದ್ದದ ಹಾಳೆ ಬಿಚ್ಚಿ ಅಳೆದೆವು. ಅಂಟಿಸುವ ಅಂಚು ಸೇರಿಸಿ ಹತ್ತಿಂಚಿನ ಆರು ಚೌಕ ಸರಿಯಾಗಿ ಬಂತು. ಎಂಟು ತ್ರಿಕೋನ ಇನ್ನೊಂದು ಹಾಳೆಯಲ್ಲಿ ಬಂತು. ಮಾಮ್ ಕಾಗದ ಪೆನ್ಸಿಲ್ ಮುಟ್ಟದೆ ಹೇಳಿದ ಲೆಕ್ಕ ಅದು.

ಅವರಲ್ಲಿ ಇದ್ದದ್ದು ನಾಲ್ಕು ವರ್ಷ ಹಳೆಯ ಸರಕು. ಅಂಚು ಮಾಸಿತ್ತು. ಯಾಕೆ ಹೊಸತು ತರಿಸುವುದಿಲ್ಲ ಎಂದೆ. “ಟೀಚರೇ, ರೀಮ್ ಲೆಕ್ಕದಲ್ಲಿ ತರಬೇಕು. ಹೋಗುವುದು ನಲ್ವತ್ತು ಹಾಳೆ. ಉಳಿದದ್ದು ಜಿರಳೆಗೆ. ಕೇಳುವವರಿದ್ದರೆ ತರಿಸಲಿಕ್ಕೆ ನನಗೇನು ಕಷ್ಟ?” ಆಮೇಲೆ ಪುಳ್ಳಿಯ ಕಡೆ ತಿರುಗಿ, “ರೀಮ್ ಅಂದರೆ ಗೊತ್ತುಂಟಾ? ಇಪ್ಪತ್ತನಾಲ್ಕು ಹಾಳೆಗೆ ಒಂದು ದಸ್ತು. ಇಪ್ಪತ್ತು ದಸ್ತಿಗೆ ಒಂದು ರೀಮ್. ಎಷ್ಟಾಯಿತು ಹೇಳು” ಎಂದರು. 480 ಎಂದಳು. “ಒಂದು ಗೂಡಿಗೆ ಮೂರಾದರೆ?” 160 ಗೂಡು! ಅವಳ ಕಣ್ಣು ದೊಡ್ಡದಾಯಿತು.

ಆ ವರ್ಷ ಮಾಸಿದ ಕಾಗದದಲ್ಲೇ ನಮ್ಮ ಗೂಡುದೀಪ ಆಯಿತು. ಮಾಡುವ ಕ್ರಮ ಸುಲಭ. 24 ಕಡ್ಡಿಗಳಿಂದ ಆರು ಚೌಕ ಕಟ್ಟಿಕೊಳ್ಳಿ. ಒಂದು ಚೌಕದ ಮೂಲೆಯನ್ನು ಇನ್ನೊಂದರ ಮೂಲೆಗೆ ನೂಲಿನಿಂದ ಬಿಗಿಯಿರಿ. ಹೀಗೆ 12 ಕಡೆ ಬಿಗಿದಾಗ ಚೌಕಗಳ ನಡುವೆ ಎಂಟು ತ್ರಿಕೋನಗಳು ತಾವಾಗಿಯೇ ಮೂಡುತ್ತವೆ. ಮೇಲಿನ ಚೌಕ ಬಿಟ್ಟು ಉಳಿದದ್ದಕ್ಕೆಲ್ಲ ಕಾಗದ ಅಂಟಿಸಿ. ಮೇಲೆ ತೆರೆದಿದ್ದರೆ ಬಿಸಿಗಾಳಿ ಹೊರಗೆ ಹೋಗುತ್ತದೆ. ಒಳಗೆ ಎಲ್‌ಇಡಿ ಬಲ್ಬ್ ಹಾಕಿ. ಹಳೆಯ ಬಲ್ಬಿನಷ್ಟು ಅದು ಬಿಸಿಯಾಗದು. ವಯರಿನ ಕೆಲಸ ಮಾತ್ರ ದೊಡ್ಡವರದ್ದು.

ಆದರೆ ಪುಳ್ಳಿಯ ತಲೆಯಲ್ಲಿ ಆ 160 ಕೂತುಬಿಟ್ಟಿತ್ತು. ಕಳೆದ ವರ್ಷ ಚೌತಿ ಮುಗಿದ ಮಾರನೆಯ ದಿನವೇ ನೋಟ್‌ಬುಕ್ ಹಿಡಿದು ಹೊರಟಳು. ನಮ್ಮ ಕಟ್ಟಡದ ಮನೆಗಳು, ಅವಳ ಕ್ಲಾಸಿನವರು, ಭರತನಾಟ್ಯದ ಕ್ಲಾಸಿನವರು. ಯಾರು ಮನೆಯಲ್ಲೇ ಗೂಡುದೀಪ ಮಾಡುತ್ತಾರೆ, ಯಾವ ಬಣ್ಣ ಬೇಕು ಎಂದು ಬರೆದಳು. 31 ಮನೆ ಆಯಿತು. 93 ಹಾಳೆ, ಹೆಚ್ಚು ಕಡಿಮೆ ನಾಲ್ಕು ದಸ್ತು. ಹಣವನ್ನೂ ಮುಂಗಡ ಒಟ್ಟುಮಾಡಿದಳು. ಮಾಮ್ ಆ ಪಟ್ಟಿಯನ್ನು ಕನ್ನಡಕ ಏರಿಸಿ ಎರಡು ಸಲ ಓದಿದರು. ಫೋನ್ ಎತ್ತಿಕೊಂಡು ಸಗಟು ವ್ಯಾಪಾರಿಯ ಜೊತೆ ಚೌಕಾಸಿ ಮಾಡಿ, ನಾಲ್ಕು ಬಣ್ಣ ಬೆರೆಸಿದ ಒಂದು ರೀಮ್ ತರಿಸಿದರು. ಉಳಿದ ಹದಿನಾರು ದಸ್ತಿನ ಜವಾಬ್ದಾರಿ ಅವರದ್ದು. ‘ಗೂಡುದೀಪದ ಕಾಗದ ಇಲ್ಲಿ ಸಿಗುತ್ತದೆ’ ಎಂದು ಪುಳ್ಳಿಯ ಕೈಯಲ್ಲೇ ಬರೆಸಿ ಬಾಗಿಲಿಗೆ ಅಂಟಿಸಿದರು. ಆ ಬೋರ್ಡು ನೋಡಿ, “ಓ, ಇದು ಈಗಲೂ ಸಿಗುತ್ತದಾ?” ಎಂದು ಒಳಗೆ ಬಂದವರೆಷ್ಟೋ ಮಂದಿ. ದೀಪಾವಳಿ ಮುಗಿಯುವಾಗ ಉಳಿದದ್ದು ಏಳೇ ದಸ್ತು.

ಅದನ್ನು ತಗಡಿನ ಪೆಟ್ಟಿಗೆಯಲ್ಲಿ ನುಸಿಗುಳಿಗೆ ಹಾಕಿ ಇಟ್ಟಿದ್ದಾರೆ. “ಬರುವ ವರ್ಷ ಅಂಗಡಿ ಉಂಟೋ ಇಲ್ಲವೋ ಟೀಚರೇ. ಮಕ್ಕಳಿಗೆ ಇದು ಬೇಡ, ನನಗೆ ಮೊಣಗಂಟು ನೋವು” ಎಂದರು ಮಾಮ್. ನಾನು ಏನು ಹೇಳಲಿ? ನನ್ನದೂ ಅದೇ ಮೊಣಗಂಟು. ಅಂಗಡಿ ಮುಚ್ಚುವುದನ್ನು ನಾವಿಬ್ಬರೂ ತಡೆಯಲಾರೆವು. ಅವರೇ ಪುಳ್ಳಿಯ ನೋಟ್‌ಬುಕ್ ಕೇಳಿ ತೆಗೆದುಕೊಂಡು, ಸಗಟು ವ್ಯಾಪಾರಿಯ ಫೋನ್ ನಂಬರು, ಕಾಗದದ ಅಳತೆ, ಅಂಗೈಯಲ್ಲಿ ಮುದುಡಿಸಿ ಬಿಟ್ಟರೆ ಒಳ್ಳೆಯ ಕಾಗದ ಹೇಗಿರಬೇಕು ಎಂಬುದನ್ನು ದುಂಡಗಿನ ಅಕ್ಷರದಲ್ಲಿ ಬರೆದುಕೊಟ್ಟರು. ಒಂದು ಪುಟ ತುಂಬಿತು.

ಗೂಡುದೀಪದ ಕಾಗದದ್ದಷ್ಟೇ ಕಥೆಯಲ್ಲ ಇದು. ಕ್ರೋಶಾದ ನೂಲು, ಯಕ್ಷಗಾನದ ಆಭರಣಕ್ಕೆ ಅಂಟಿಸುವ ಬೇಗಡೆ, ಕಸೂತಿಯ ಆರೆಳೆ ದಾರ, ಎಲ್ಲಕ್ಕೂ ಹೀಗೆಯೇ. ಸೀರೆಯ ಸೆರಗು ತೋರಿಸಿದರೆ ಸಾಕು, ಅದೇ ಬಣ್ಣದ ದಾರವನ್ನು ನೂರು ಉಂಡೆಗಳ ನಡುವಿನಿಂದ ಎತ್ತಿಕೊಡುತ್ತಿದ್ದ ಕಣ್ಣುಗಳು ಒಂದೊಂದಾಗಿ ಮುಚ್ಚುತ್ತಿವೆ. ಅಂಗಡಿಯ ಜೊತೆ ಸರಕು ಹೋದರೆ ಇನ್ನೊಂದು ಕಡೆಯಿಂದ ತರಿಸಬಹುದು. ಲೆಕ್ಕ, ಅಳತೆ, ಕೈಯ ಗುರುತು ಹೋದರೆ ಎಲ್ಲಿಂದ ತರಿಸುವುದು?

ಅದಕ್ಕೇ ಅಜ್ಜ ಅಜ್ಜಿಯರಲ್ಲಿ ನನ್ನದೊಂದು ಮಾತು. ನೀವು ಯಾವ ಸಾಮಾನು ಎಲ್ಲಿ ಕೊಳ್ಳುತ್ತಿದ್ದಿರಿ, ಅದು ಒಳ್ಳೆಯದೋ ಅಲ್ಲವೋ ಎಂದು ಹೇಗೆ ನೋಡುತ್ತಿದ್ದಿರಿ ಎಂದು ಮಕ್ಕಳ ಕೈಯಲ್ಲಿ ಬರೆಸಿ. ಸಣ್ಣ ಅಂಗಡಿ ಇನ್ನೂ ತೆರೆದಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಮಕ್ಕಳೇ, ಬೇಕಾದದ್ದು ಇಲ್ಲ ಎಂದರೂ ಕೇಳಿ ಬನ್ನಿ. ಹತ್ತು ಮಂದಿ ಕೇಳಿದರೆ ಹನ್ನೊಂದನೆಯವರಿಗೆ ಅದು ಸಿಗುತ್ತದೆ. ದೀಪಾವಳಿಯ ಹೊತ್ತಿಗೆ ‘ನಮ್ಮ ಕುಡ್ಲ’ ವಾಹಿನಿಯವರು ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ನಡೆಸುವ ಗೂಡುದೀಪ ಸ್ಪರ್ಧೆಗೂ ಹೋಗಿ. ಕಾಗದದ ಸಾಂಪ್ರದಾಯಿಕ ಗೂಡಿಗೂ ಅಲ್ಲಿ ಜಾಗ ಉಂಟು. ಬಹುಮಾನ ಯಾರಿಗೆ ಎಂದು ನೋಡುವುದರ ಜೊತೆಗೆ, ಚಂದದ ಗೂಡು ಕಂಡರೆ ಮಾಡಿದವರ ಹತ್ತಿರ ಹೋಗಿ, “ಕಾಗದ ಎಲ್ಲಿ ಸಿಕ್ಕಿತು?” ಎಂದು ಕೇಳಿ. ಖುಷಿಯಿಂದ ಹೇಳುತ್ತಾರೆ.

ಪುಳ್ಳಿ ಈಗ ಎಂಟನೇ ಕ್ಲಾಸು. ಈ ವರ್ಷದ ಪಟ್ಟಿ ಈಗಾಗಲೇ 44 ಮನೆಗೆ ಬಂದು ನಿಂತಿದೆ. ನಾಳೆ ಮಾಮ್‌ನ ಅಂಗಡಿಗೆ ಹೋಗಬೇಕು.