ಕೈಗೆ ಹತ್ತದ ಸುಣ್ಣ

ಮುಂಬಯಿ ಕಡೆಗೆ ಬಂದು ನೆಲೆಸಿದ ನಮ್ಮಂಥವರಿಗೆ ಗೋಡೆಯೆಂಬುದು ಬಹಳ ವರ್ಷ ಬೇರೆಯವರ ಆಸ್ತಿ. ಮೊಳೆ ಹೊಡೀಬೇಡಿ, ಮಕ್ಕಳು ಗೀಚದ ಹಾಗೆ ನೋಡಿಕೊಳ್ಳಿ, ಹನ್ನೊಂದು ತಿಂಗಳಾದ ಮೇಲೆ ಮುಂದಿನ ಮಾತು – ಹೀಗೆ ಕೇಳಿಸಿಕೊಳ್ಳುತ್ತಲೇ ನಾವು ನಾಲ್ಕು ಬಾಡಿಗೆ ಮನೆ ದಾಟಿದೆವು. ಡೊಂಬಿವಲಿಯಲ್ಲಿ ಎರಡು ಕೋಣೆಯ ಹಳೆಯ ಫ್ಲ್ಯಾಟೊಂದು ನಮ್ಮ ಹೆಸರಿಗಾದಾಗ, ಯಾವ ಬಣ್ಣ ಹಚ್ಚಲಿ ಎಂದು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಮನಸ್ಸಿನಲ್ಲಿದ್ದವಳು ಧಾರವಾಡದ ಅವ್ವ. ಅಪ್ಪ ಹೋದ ಮೇಲೆ ಒಬ್ಬಳೇ ಇದ್ದಳು. ವಯಸ್ಸು 78. ಒಂದು ಕಣ್ಣಿನ ಪೊರೆ ತೆಗೆಸಿತ್ತು, ಇನ್ನೊಂದು ಮಸುಕು. ‘ನಿಮ್ಮ ಡಬ್ಬಿಯಂಥಾ ಮನ್ಯಾಗ ನಾ ಇರಾಂಗಿಲ್ಲೋ’ ಅನ್ನುತ್ತಲೇ ದೀಪಾವಳಿಗೆ ಬರಲು ಒಪ್ಪಿದ್ದಳು. ಬಂದವಳು ಉಳಿದಾಳೋ, ಹಬ್ಬ ಮುಗಿಸಿ ಹೊರಟಾಳೋ ಎಂಬುದೇ ನಮ್ಮ ಚಿಂತೆ.

ನಮ್ಮ ಕಡೆ ಮಹಾನವಮಿಗೆ ಮುಂಚೆ ಮನೆಮನೆಯಲ್ಲೂ ಸುಣ್ಣ. ಸುಣ್ಣದ ಹರಳಿಗೆ ನೀರು ಬಿದ್ದರೆ ಕೊತಕೊತ ಕುದಿಯುತ್ತಿತ್ತು. ಮಕ್ಕಳು ಹತ್ತಿರ ಸುಳಿಯುವ ಹಾಗಿಲ್ಲ. ತಣಿದ ಮೇಲೆ ಸೋಸಿ, ಚಿಟಿಕೆ ನೀಲಿ ಬೆರೆಸಿ ಹಚ್ಚುತ್ತಿದ್ದರು. ಹಚ್ಚಿದ ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಕಲ್ಲಾಗುತ್ತದೆ. ಅದರ ಕ್ಷಾರಕ್ಕೆ ಬೂಸುರು ಬೇಗ ಹತ್ತುವುದಿಲ್ಲ. ಅದಕ್ಕಿದ್ದದ್ದು ಒಂದೇ ದೋಷ: ಒರಗಿ ಕೂತರೆ ಅಂಗಿಯ ಬೆನ್ನೆಲ್ಲ ಬೆಳ್ಳಗೆ. ಅದಕ್ಕಾಗಿ ನಾವು ತಿಂದ ಬೈಗುಳಕ್ಕೆ ಲೆಕ್ಕವಿಲ್ಲ.

ಇಲ್ಲಿನ ಕತೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುವ ಮಳೆಗೆ ಕಟ್ಟಡದ ಹೊರಗೋಡೆ ನೆನೆದು ಒಳಗೆ ಕಲೆ ಮೂಡುತ್ತದೆ. ಅವ್ವನಿಗೆಂದು ಇಟ್ಟ ಕೋಣೆಯಲ್ಲೇ, ಪಶ್ಚಿಮದ ಗೋಡೆಯ ಮೇಲೆ, ಪರಾತದಷ್ಟು ಅಗಲದ ಕಲೆಯಿತ್ತು. ಬಣ್ಣದ ಅಂಗಡಿಯವನು ‘ಒಳ್ಳೇ ಪೇಂಟ್ ಹಚ್ಚಿ, ಮುಚ್ಚಿಹೋಗುತ್ತದೆ’ ಅಂದ. ಮುಚ್ಚಿಹೋಗುವುದು ಕಲೆ, ನೀರಲ್ಲ! ಒಳಗಿನ ತೇವ ಹೊಸ ಬಣ್ಣವನ್ನು ಗುಳ್ಳೆ ಎಬ್ಬಿಸಿ ಉದುರಿಸಿಯೇ ತೀರುತ್ತದೆ. ಸೊಸೈಟಿಯ ಸಭೆಯಲ್ಲಿ ಮೂರು ಸಲ ಎದ್ದು ನಿಂತು, ಮೇ ತಿಂಗಳಲ್ಲಿ ಹೊರಗಿನ ಬಿರುಕು ಮುಚ್ಚಿಸಿಕೊಂಡೆವು. ಆ ಮಳೆಗಾಲವಿಡೀ ಬಣ್ಣದ ಮಾತೆತ್ತದೆ ಗೋಡೆಯನ್ನು ಬರೀ ನೋಡಿದೆವು. ಮಳೆ ನಿಂತ ಮೇಲೆ ಪ್ಲಾಸ್ಟಿಕ್ ಹಾಳೆಯೊಂದನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ಅಲ್ಲಿ ಅಂಟಿಸಿದೆ. ಎರಡು ದಿನ ಬಿಟ್ಟು ನೋಡಿದರೆ ಒಳಬದಿಗೆ ಹನಿ ಕಟ್ಟಿರಲಿಲ್ಲ. ಹನಿ ಕಟ್ಟಿದ್ದರೆ ಇನ್ನೂ ಕಾಯಬೇಕಿತ್ತು.

ಕೆಲಸವನ್ನು ನಾನೂ ಹೆಂಡತಿಯೂ ಪೇಂಟರ್ ಒಬ್ಬನ ಜೊತೆ ಸೇರಿ ಮಾಡಿದೆವು. ಹತ್ತು ದಿನದ ಕೆಲಸದಲ್ಲಿ ಬಣ್ಣ ಹಚ್ಚಿದ್ದು ಮೂರೇ ದಿನ. ಉಳಿದದ್ದೆಲ್ಲ ಕೆರೆಯುವುದು, ತುಂಬುವುದು, ಉಜ್ಜುವುದು. ಬೆರಳಿಗೆ ಪುಡಿ ಹತ್ತುವ ಹಳೆಯ ಡಿಸ್ಟೆಂಪರ್ ಮೇಲೆ ಏನು ಹಚ್ಚಿದರೂ ನಿಲ್ಲದು. ಅದನ್ನು ಪೂರಾ ಕೆರೆದು, ಎರಡು ಕೈ ಪುಟ್ಟಿ ಎಳೆದು, ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಬೇಕು. ತಿಕ್ಕುವಾಗ ಗೋಡೆಯ ಪಕ್ಕದಿಂದ ಓರೆಯಾಗಿ ದೀಪ ಹಿಡಿದರೆ ಉಬ್ಬುತಗ್ಗು ಎದ್ದು ಕಾಣುತ್ತವೆ. ಆಮೇಲೆ ದೂಳು ಒರೆಸಿ ಪ್ರೈಮರ್. ಅದರ ಮೇಲೆ ತೆಳ್ಳಗೆ ಎರಡು ಕೈ ಎಮಲ್ಶನ್. ಮೊದಲು ಛಾವಣಿ, ಆಮೇಲೆ ಗೋಡೆ, ಕೊನೆಗೆ ಬಾಗಿಲು ಕಿಟಕಿ. ಶುರು ಮಾಡಿದ ಗೋಡೆಯನ್ನು ನಡುವೆ ಬಿಟ್ಟು ಊಟಕ್ಕೆ ಏಳಬಾರದು. ಒಣಗಿದ ಅಂಚಿನ ಗುರುತು ಹಾಗೇ ಉಳಿದುಬಿಡುತ್ತದೆ.

ಹಳೆಯ ಬಾಗಿಲ ಎಣ್ಣೆಬಣ್ಣಕ್ಕೆ ಇನ್ನಷ್ಟು ಜೋಪಾನ ಬೇಕು. ಮನೆಬಣ್ಣದಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ಕೇಂದ್ರ ಸರಕಾರದ ನಿಯಮ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕೂ ಮುಂಚಿನ ಪದರಗಳಲ್ಲಿ ಸೀಸ ಇರಬಹುದು. ಹಾಗಾಗಿ ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಿದೆವು. ಮಗಳನ್ನು ಆ ಎರಡು ದಿನ ಪಕ್ಕದ ಮನೆಗೆ ಕಳಿಸಿದ್ದೆವು.

ಇನ್ನು ಬಣ್ಣ. ಅಂಗಡಿಯ ಶೇಡ್ ಕಾರ್ಡಿನಲ್ಲಿ ಬೆರಳಗಲ ಕಂಡ ಬಣ್ಣ ಗೋಡೆಯ ತುಂಬ ಹರಡಿದಾಗ ಗಾಢವಾಗಿ ಕಾಣುತ್ತದೆ. ಚಿಕ್ಕ ಡಬ್ಬಿ ತಂದು ಎರಡಡಿ ಹಚ್ಚಿ, ಬೆಳಗಿನ ಬಿಸಿಲಿನಲ್ಲೂ ರಾತ್ರಿಯ ದೀಪದಲ್ಲೂ ನೋಡಬೇಕು. ಪೇಂಟರನಿಗೆ ಹೊಳಪಿನ ಬಣ್ಣದ ಮೇಲೆ ಮನಸ್ಸು. ‘ಹೊಳಪು ಬ್ಯಾಡ್ರೀ, ಅತ್ತೀಗೆ ಕಣ್ಣು ಕುಕ್ಕತದ’ ಅಂದವಳು ನನ್ನ ಹೆಂಡತಿ. ಗೋಡೆಗೆ ಹೊಳೆಯದ, ಸುಣ್ಣಕ್ಕೆ ಹತ್ತಿರದ ಬಿಳಿ. ಬಾಗಿಲ ಚೌಕಟ್ಟಿಗೆ ಗಾಢ ಕಂದು. ಸ್ವಿಚ್ ಬೋರ್ಡಿನ ಸುತ್ತ ಅದೇ ಕಂದಿನ ಪಟ್ಟಿ. ಮಸುಕು ಕಣ್ಣಿಗೆ ಬಣ್ಣದ ಚೆಂದಕ್ಕಿಂತ ಗೋಡೆ ಎಲ್ಲಿ ಮುಗಿದು ಬಾಗಿಲು ಎಲ್ಲಿ ಶುರುವಾಯಿತೆಂಬುದು ಕಾಣಬೇಕಲ್ಲ!

ಅವ್ವ ಬಂದಳು. ಮೊದಲ ರಾತ್ರಿ ಯಾರನ್ನೂ ಎಬ್ಬಿಸದೆ ತಾನೇ ಎದ್ದು ಬಚ್ಚಲಿಗೆ ಹೋಗಿಬಂದಳು. ನಾನು ಎಚ್ಚರವಾಗಿಯೇ ಇದ್ದೆ, ಹೆಜ್ಜೆ ಎಲ್ಲೂ ತಡೆಯಲಿಲ್ಲ. ಬೆಳಿಗ್ಗೆ ಚಹಾ ಕೊಟ್ಟಾಗ ಗೋಡೆಯ ಮೇಲೆ ಅಂಗೈ ಸವರಿ, ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿಕೊಂಡಳು.

‘ಸುಣ್ಣ ಕೈಗೆ ಹತ್ತೂದಿಲ್ಲಲ್ಲೋ?’

‘ಇಲ್ಲವ್ವಾ.’

‘ಹಂಗಾರ ಒರಗಿ ಕುಂದ್ರಾಕ ಅಡ್ಡಿಯಿಲ್ಲ’ ಎಂದು ಬೆನ್ನು ಚಾಚಿದಳು. ಆ ವರ್ಷ ತುಳಸಿ ಲಗ್ನವನ್ನೂ ಡೊಂಬಿವಲಿಯಲ್ಲೇ ಮಾಡಿದೆವು.