ಸಿ.ಎಸ್.ಪಿ. ಮಾಗಿದನೆ?

ಹೊಸಕೋಟೆ ತಾಲ್ಲೂಕಿನ ಪಿಲ್ಲಗುಂಪೆಯ ಒಂದು ಮನೆಯಲ್ಲಿ ಅಜ್ಜಿಗೂ ಮೊಮ್ಮಗನಿಗೂ ತೀರದ ವಾದವೊಂದುಂಟು. ಟಿ.ಎನ್. ಸೀತಾರಾಮರು ಕಿರುತೆರೆಯ ಧಾರಾವಾಹಿಗಳಲ್ಲಿ ತಾವೇ ಅಭಿನಯಿಸಿದ ವಕೀಲ ಸಿ.ಎಸ್.ಪಿ.ಯು ‘ಮುಕ್ತ’ದಿಂದ 2018ರಲ್ಲಿ ಆರಂಭವಾದ ‘ಮಗಳು ಜಾನಕಿ’ಯ ವೇಳೆಗೆ ನಿಜವಾಗಿ ಪಕ್ವನಾದನೆಂದು ಮೊಮ್ಮಗನ ಮತ.

ಅಜ್ಜಿ ಒಪ್ಪಳು. ನರೆ ಬಂದುದು ನಟನಿಗೆ, ಪಾತ್ರಕ್ಕಲ್ಲ ಎನ್ನುವಳು. ಅದು ಸರಿಯೆಂದೇ ತೋರುತ್ತದೆ. ತಪ್ಪಿ ನೊಂದವನು ಮಾಗಬಲ್ಲನು. ಬೇಡನು ವಾಲ್ಮೀಕಿಯಾದುದು ಹಾಗೆ. ಸಿ.ಎಸ್.ಪಿ.ಯಾದರೋ ಮೊದಲ ದಿನದಿಂದಲೂ ಆಲಂಕಾರಿಕರು ಹೇಳುವ ಧೀರೋದಾತ್ತನೇ. ಅದೇ ಕರಿಯ ಕೋಟು, ಅದೇ ಪಾಟೀಸವಾಲು. ಪರರ ಸತ್ಯಾಸತ್ಯಗಳನ್ನು ಅಳೆಯುವ ಸೇರು ತಾನೇ ಬೆಳೆಯತೊಡಗಿದರೆ ಅಳತೆಯ ಗತಿಯೇನು?

ಮಾಗಿದವಳು ಆ ಅಜ್ಜಿಯೇ ಇರಬೇಕು. ಆಕೆಯ ತವರಿನ ಜಮೀನಿನ ಪಾಲಿನ ವ್ಯಾಜ್ಯವು ‘ಮುಕ್ತ’ದ ಕಾಲದಲ್ಲೇ ಹೂಡಿದ್ದು, ಪ್ರತಿವಾದಿ ಒಡಹುಟ್ಟಿದ ತಮ್ಮ. ಅಂದು ಸಿ.ಎಸ್.ಪಿ. ಎದುರಾಳಿಯನ್ನು ಮಾತಿನಲ್ಲಿ ಕಟ್ಟಿಹಾಕಿದರೆ, ತಮ್ಮನೇ ಕಟಕಟೆಯಲ್ಲಿ ನಿಂತನೋ ಎಂಬಂತೆ ಆಕೆ ಹಿಗ್ಗುತ್ತಿದ್ದಳು. ಈಗ ಹಳೆಯ ಕಂತುಗಳಲ್ಲಿ ಸಾಕ್ಷಿಯೊಬ್ಬನು ತಡವರಿಸಿದರೆ, “ಸಾಕು ಬಿಡಪ್ಪಾ, ಅವನಿಗೂ ಮಕ್ಕಳು ಮರಿ ಇದ್ದಾರು” ಎನ್ನುತ್ತಾಳೆ.

ವ್ಯಾಜ್ಯವಿನ್ನೂ ಇತ್ಯರ್ಥವಾಗಿಲ್ಲ. ಕಳೆದ ಯುಗಾದಿಗೆ ತಮ್ಮನ ಮನೆಗೆ ಒಬ್ಬಟ್ಟು ಹೋಯಿತು. ಡಬ್ಬಿ ಮಾತ್ರ ಇನ್ನೂ ಹಿಂದಿರುಗಿಲ್ಲ.