ಹೆವಿ ಮೆಟಲ್ ಪ್ರೋಗ್ರೆಸಿವ್ ರಾಕ್ ಆದೀತೆ? ಒಂದು ನಯವಿಚಾರ

ಬೆಂಗಳೂರು ಎರಡು ಬಗೆಯ ಸಂಗೀತಕ್ಕೆ ಹೆಸರಾದ ಊರು. 1939ರಲ್ಲಿ ಸ್ಥಾಪನೆಯಾದ ಶ್ರೀ ರಾಮಸೇವಾ ಮಂಡಳಿಯವರು ಚಾಮರಾಜಪೇಟೆಯ ಕೋಟೆ ಪ್ರೌಢಶಾಲೆಯ ಮೈದಾನದಲ್ಲಿ ನಡೆಸಿಕೊಂಡು ಬಂದಿರುವ ರಾಮನವಮಿ ಕಚೇರಿಗಳದು ಒಂದು. ಮಲ್ಲೇಶ್ವರಕ್ಕೆ ಅನತಿದೂರದ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಐರನ್ ಮೇಡನ್, 2011ರ ಅಕ್ಟೋಬರ್ 30ರಂದು ಮೆಟಾಲಿಕಾ ತಂಡಗಳು ನುಡಿಸಿಹೋದ ಹೆವಿ ಮೆಟಲ್ ಇನ್ನೊಂದು. ಅಜ್ಜ ಮೊದಲನೆಯದಕ್ಕೆ, ಮೊಮ್ಮಗ ಎರಡನೆಯದಕ್ಕೆ ಹೊರಡುವ ಮನೆಗಳು ಬಸವನಗುಡಿಯಲ್ಲಿ ಅಪರೂಪವೇನಲ್ಲ. ಈ ಮೊಮ್ಮಕ್ಕಳ ನಡುವೆ ಬಹುಕಾಲದಿಂದ ಒಂದು ತರ್ಕ ನಡೆದಿದೆ: ಹೆವಿ ಮೆಟಲನ್ನು ಪ್ರೋಗ್ರೆಸಿವ್ ರಾಕ್ ಎಂದು ಪರಿಗಣಿಸಬಹುದೇ, ಕೂಡದೇ? ಮೇಲ್ನೋಟಕ್ಕೆ ಇದು ಎಳೆಯರ ಹರಟೆ. ಆದರೆ ಲಕ್ಷಣಶಾಸ್ತ್ರದ ಪರಿಚಯವುಳ್ಳವರಿಗೆ ಇಲ್ಲೊಂದು ಹಳೆಯ ಪ್ರಶ್ನೆ ಹೊಸ ವೇಷದಲ್ಲಿ ನಿಂತಿರುವುದು ಕಾಣದಿರದು. ಹೆಸರು ವಸ್ತುವಿನ ಗುಣವನ್ನು ಹೇಳುತ್ತದೆಯೋ, ಕುಲವನ್ನು ಹೇಳುತ್ತದೆಯೋ?

ಎರಡೂ ಬಗೆಗಳು ತಲೆದೋರಿದ್ದು ಇಂಗ್ಲೆಂಡಿನಲ್ಲಿ, ಹೆಚ್ಚುಕಡಿಮೆ ಒಂದೇ ಹೊತ್ತಿನಲ್ಲಿ. ಪ್ರೋಗ್ರೆಸಿವ್ ರಾಕಿನ ಆದಿಕೃತಿಗಳಲ್ಲಿ ಒಂದೆಂದು ಎಣಿಸಲಾಗುವ ಕಿಂಗ್ ಕ್ರಿಮ್ಸನ್ ತಂಡದ ಮೊದಲ ಆಲ್ಬಂ ಬಂದದ್ದು 1969ರ ಅಕ್ಟೋಬರಿನಲ್ಲಿ. ಹೆವಿ ಮೆಟಲಿನ ಆದಿಕೃತಿಯೆನಿಸಿದ ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ 1970ರ ಫೆಬ್ರವರಿಯಲ್ಲಿ. ನಡುವೆ ನಾಲ್ಕು ತಿಂಗಳು. ಕ್ರಿಮ್ಸನ್ ಆಲ್ಬಮ್ಮಿನ ಮೊದಲ ಹಾಡು ತೊಡಗುವುದೇ ಗಿಟಾರಿನ ಒರಟು ಘೋಷದಿಂದ. ಹೆಸರು ಹೇಳದೆ ಕೇಳಿಸಿದರೆ ಅದನ್ನು ಮೆಟಲ್ ಎಂದೇ ತಿಳಿಯುವವರು ಉಂಟು. ಡೀಪ್ ಪರ್ಪಲ್ ತಂಡದ ಕಥೆ ಇನ್ನೂ ಸ್ವಾರಸ್ಯವಾದುದು. 1969ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ರಾಯಲ್ ಫಿಲ್ಹಾರ್ಮೊನಿಕ್ ವಾದ್ಯವೃಂದದ ಜೊತೆಗೂಡಿ ಜಾನ್ ಲಾರ್ಡ್ ರಚಿಸಿದ ಕನ್ಸರ್ಟೊ ನುಡಿಸಿದ ಅದೇ ಐವರು, ಮರುವರ್ಷವೇ ಹೆವಿ ಮೆಟಲಿನ ಬುನಾದಿಯೆನ್ನಬಹುದಾದ ‘ಇನ್ ರಾಕ್’ ಆಲ್ಬಮ್ಮನ್ನು ಹೊರತಂದರು. ವರ್ಷ ಕಳೆಯುವಷ್ಟರಲ್ಲಿ ಅವರ ಜಾತಿ ಬದಲಾಯಿತೆಂದು ಹೇಳುವುದು ಹೇಗೆ?

ಭೇದ ನಾದದಲ್ಲಿ ಇದ್ದುದಕ್ಕಿಂತ ಹುಟ್ಟಿನಲ್ಲಿ ಹೆಚ್ಚಾಗಿತ್ತು. ಜೆನೆಸಿಸ್ ತಂಡದ ಮೊದಲಿಗರು ಕಲೆತದ್ದು ಚಾರ್ಟರ್‌ಹೌಸ್ ಎಂಬ ಸಿರಿವಂತರ ಶಾಲೆಯಲ್ಲಿ. ಬ್ಲ್ಯಾಕ್ ಸಬ್ಬತ್ತಿನ ಟೋನಿ ಅಯೋಮಿ ಬರ್ಮಿಂಗ್‌ಹ್ಯಾಮಿನ ಲೋಹದ ಕಾರ್ಖಾನೆಯೊಂದರಲ್ಲಿ ಎರಡು ಬೆರಳುಗಳ ತುದಿಯನ್ನು ಕಳೆದುಕೊಂಡವನು. ಬೆರಳಿಗೆ ಕುಪ್ಪಿಗೆ ತೊಡಿಸಿ, ಮುಂದೆ ತಂತಿಗಳ ಬಿಗಿಯನ್ನೂ ಸಡಿಲಿಸಿ ನುಡಿಸಿದ. ಆ ಭಾರವಾದ ತಗ್ಗುನಾದವೇ ಒಂದು ಪಂಥವಾಯಿತು. ಹೀಗಾಗಿ ‘ಪ್ರೋಗ್ರೆಸಿವ್’ ಎಂಬ ಮಾತು ಲಕ್ಷಣವಾಚಕವಾಗಿದ್ದಷ್ಟೇ ಗೌರವವಾಚಕವೂ ಆಗಿ ಉಳಿಯಿತು. ಮಾರ್ಗ, ದೇಸಿ ಎಂಬ ಮಾತುಗಳ ಬಳಕೆಯನ್ನು ಬಲ್ಲ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಂಥ ತೊಡಕನ್ನು ಬಿಡಿಸಲು ಜೈನ ತರ್ಕದಲ್ಲಿ ಒಂದು ಉಪಕರಣವಿದೆ. ತತ್ತ್ವಾರ್ಥಸೂತ್ರದ ದಿಗಂಬರ ಪಾಠದಲ್ಲಿ ಹೇಳಿರುವ ಏಳು ನಯಗಳ ಪೈಕಿ ಕೊನೆಯ ಎರಡು ಸಮಭಿರೂಢ ಮತ್ತು ಏವಂಭೂತ. ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಇವೆರಡನ್ನೂ ‘ಗೋ’ ಶಬ್ದದಿಂದಲೇ ವಿವರಿಸುತ್ತಾರೆ. ಆ ಶಬ್ದಕ್ಕೆ ಅರ್ಥಗಳು ಹಲವಿದ್ದರೂ ಅದು ಹಸುವೆಂಬ ಪ್ರಾಣಿಯಲ್ಲಿ ರೂಢವಾಗಿ ನಿಂತಿದೆ; ಇದು ಸಮಭಿರೂಢದ ನೋಟ. ಧಾತ್ವರ್ಥವನ್ನು ಹಿಡಿದರೆ, ನಡೆಯುತ್ತಿರುವಾಗ ಮಾತ್ರ ಅದು ‘ಗೋ’. ನಿಂತಾಗಲೂ ಅಲ್ಲ, ಮಲಗಿದಾಗಲೂ ಅಲ್ಲ. ಇದು ಏವಂಭೂತದ ನೋಟ. ಎರಡೂ ಸತ್ಯವೇ, ತಂತಮ್ಮ ಅಪೇಕ್ಷೆಯಿಂದ. ಒಂದನ್ನೇ ಹಿಡಿದು ಮತ್ತೊಂದನ್ನು ಅಲ್ಲಗಳೆದರೆ ಅದು ದುರ್ನಯ. ಮೆಟಲ್ ಕೇಳುಗರ ತರ್ಕ ಮುಗಿಯದೆ ಉಳಿದಿರುವುದಕ್ಕೆ ಕಾರಣ ಇಷ್ಟೇ: ಒಬ್ಬ ರೂಢಿಯ ಹೆಸರನ್ನು ಕುರಿತು ಮಾತನಾಡುತ್ತಾನೆ, ಇನ್ನೊಬ್ಬ ಮುಂದೆ ಸಾಗುವ ಕ್ರಿಯೆಯನ್ನು ಕುರಿತು.

ಕನ್ನಡ ಸಾಹಿತ್ಯವೇ ಈ ಗೊಂದಲವನ್ನು ಒಮ್ಮೆ ಹಾದುಬಂದಿದೆ, ಅದೂ ಇದೇ ಶಬ್ದದ ದೆಸೆಯಿಂದ. 1936ರಲ್ಲಿ ಲಖನೌದಲ್ಲಿ ಪ್ರೇಮಚಂದರ ಅಧ್ಯಕ್ಷತೆಯಲ್ಲಿ ಅಖಿಲ ಭಾರತ ಪ್ರಗತಿಶೀಲ ಲೇಖಕರು ಸೇರಿದರು. ಆ ಅಲೆ 1940ರ ದಶಕದಲ್ಲಿ ಕನ್ನಡಕ್ಕೂ ಬಂತು. ಅ.ನ.ಕೃ., ತ.ರಾ.ಸು., ಬಸವರಾಜ ಕಟ್ಟೀಮನಿ, ನಿರಂಜನ, ಚದುರಂಗ ಮೊದಲಾದವರು ಪ್ರಗತಿಶೀಲರೆನಿಸಿದರು. ಈಗ ಶಿವರಾಮ ಕಾರಂತರ ‘ಚೋಮನ ದುಡಿ’ಯನ್ನು ನೋಡಬೇಕು. 1933ರಷ್ಟು ಹಿಂದೆಯೇ, ಭೂಮಿಯಿಲ್ಲದ ಅಸ್ಪೃಶ್ಯನೊಬ್ಬನ ಬೇಸಾಯದ ಹಂಬಲವನ್ನು ಬರೆದ ಕಾದಂಬರಿ ಪ್ರಗತಿಶೀಲವಲ್ಲವೆಂದು ಯಾರು ಹೇಳಿಯಾರು? ಆದರೂ ಸಾಹಿತ್ಯಚರಿತ್ರೆಗಳು ಕಾರಂತರನ್ನು ಆ ಪಂಥದಲ್ಲಿ ಸೇರಿಸುವುದಿಲ್ಲ. ಸೇರಿಸದಿರುವುದು ಸರಿಯೂ ಹೌದು. ಪಂಥಕ್ಕೆ ಕಾಲವಿದೆ, ಸಂಬಂಧವಿದೆ, ಹಂಚಿಕೊಂಡ ಹಟವಿದೆ. 1954ರ ‘ಚಂಡೆಮದ್ದಳೆ’ಯಿಂದ ನೆಲೆಗೊಂಡ ಅಡಿಗರ ಕಾವ್ಯ ರೂಪದಲ್ಲಿ ಪ್ರಗತಿಶೀಲರಿಗಿಂತ ಮುಂದೆ ಹೋಯಿತು, ಹೆಸರು ಮಾತ್ರ ನವ್ಯವಾಯಿತು. ಆ ‘ನವ್ಯ’ಕ್ಕೀಗ ಎಪ್ಪತ್ತು ವರ್ಷ!

ಪ್ರೋಗ್ರೆಸಿವ್ ರಾಕ್ ಎಂಬುದೂ ಹೀಗೆ ರೂಢನಾಮವಾದದ್ದೇ. ದೀರ್ಘ ರಚನೆ, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಋಣ, ಒಂದೇ ಕಥೆ ಹೇಳುವ ಆಲ್ಬಂ, ನಾಲ್ಕರ ನಡೆಯನ್ನು ಬಿಟ್ಟ ತಾಳಗಳು, ಇವು ಅದರ ಲಕ್ಷಣಗಳೆಂದು ಎಣಿಸುತ್ತಾರೆ. ಈ ಕೊನೆಯ ಲಕ್ಷಣ ಹಳೆಯ ಬೆಂಗಳೂರಿನ ಕಿವಿಗೆ ಬಿದ್ದೊಡನೆ ಸೊರಗುತ್ತದೆ. ಪಿಂಕ್ ಫ್ಲಾಯ್ಡ್ ತಂಡದ ‘ಮನಿ’ ಹಾಡು ಏಳರ ಎಣಿಕೆಯಲ್ಲಿದೆಯೆಂದು ಪಶ್ಚಿಮದವರು ಬೆರಗಾಗಬಹುದು. ಮಿಶ್ರಛಾಪಿಗೆ ತೊಡೆ ತಟ್ಟುತ್ತ ಬೆಳೆದವರಿಗೆ ಏಳು ಬೆರಗಲ್ಲ. ಸಂಗೀತ ಬಾರದವರಿಗೂ ಅಲ್ಲ. ಭಾಮಿನೀ ಷಟ್ಪದಿಯ ಗಣವಿನ್ಯಾಸವೇ ಮೂರು ನಾಲ್ಕು, ಮೂರು ನಾಲ್ಕು. ಗಮಕಿಗಳ ಬಾಯಿಂದ ಕುಮಾರವ್ಯಾಸನನ್ನು ಕೇಳಿದವರೆಲ್ಲರೂ ತಿಳಿಯದೆಯೇ ಏಳನ್ನು ಎಣಿಸಿದ್ದಾರೆ. ಲಕ್ಷ್ಮೀಶನ ವಾರ್ಧಕದಲ್ಲಿ ಐದು. ಒಂದು ನಾಡಿನಲ್ಲಿ ಸಾಹಸವೆನಿಸಿದ್ದು ಇನ್ನೊಂದು ನಾಡಿನಲ್ಲಿ ಉಸಿರಾಟ. ಆದುದರಿಂದ ಬೆಸತಾಳವನ್ನು ಬಳಸಿದ ಮಾತ್ರಕ್ಕೆ ಯಾವ ಮೆಟಲ್ ತಂಡವೂ ಪ್ರೋಗ್ರೆಸಿವ್ ಆಗದು. ಬಳಸದ ಮಾತ್ರಕ್ಕೆ ಹೊರಗಾಗಬೇಕಾಗಿಯೂ ಇಲ್ಲ.

ಎಣಿಕೆಗಿಂತ ಮುಖ್ಯವಾದುದು ಎಣಿಕೆಯಿಂದ ಏನನ್ನು ಸಾಧಿಸಲಾಯಿತೆಂಬುದು. ಸ್ವೀಡನ್ನಿನ ಮೆಶುಗಾ ತಂಡ ತನ್ನ ಹಲವು ರಚನೆಗಳಲ್ಲಿ ಸಮವಾದ ನಾಲ್ಕರ ಮೇಲೆ ವಿಷಮ ಉದ್ದದ ಗಿಟಾರ್ ಪಲುಕನ್ನು ಮತ್ತೆ ಮತ್ತೆ ಹರಿಯಬಿಡುತ್ತದೆ. ಪಲುಕು ತಾಳದಿಂದ ದೂರ ಸರಿಯುತ್ತ ಹೋಗಿ, ಬಹಳ ಆವರ್ತಗಳಾದ ಮೇಲೆ ಒಂದೆಡೆ ಬಂದು ಕೂಡುತ್ತದೆ. ತನಿಆವರ್ತನದ ಮುಕ್ತಾಯವು ಎಡುಪಿಗೆ ಬಂದು ಬೀಳುವುದನ್ನು ಗಾಯನಸಮಾಜದ ಸಭೆಯಲ್ಲಿ ಕಾದು ಕುಳಿತು ಕಂಡವರಿಗೆ ಈ ಸುಖ ಹೊಸದಲ್ಲ. ಇಲ್ಲಿ ಕರ್ಕಶತೆ ಅಲಂಕಾರವಲ್ಲ, ಆ ಲೆಕ್ಕವನ್ನು ಕೇಳುಗನ ಮೈಗೆ ಮುಟ್ಟಿಸುವ ಸಾಧನ. ಏವಂಭೂತನಯದಿಂದ ನೋಡಿದರೆ ಇದು ನಡೆಯುತ್ತಿರುವ ಹಸು.

‘ಇಷ್ಟು ಗದ್ದಲದಲ್ಲಿ ಬೆಳವಣಿಗೆ ಎಲ್ಲಿಯದು?’ ಎಂಬ ಆಕ್ಷೇಪವೊಂದುಂಟು. ಇದಕ್ಕೆ ಮಲ್ಲೇಶ್ವರದ ಬಳಿ ಪಿಟೀಲಿನ ಆಕಾರದಲ್ಲೇ ನಿಂತಿರುವ, 1980ರಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನವೇ ಉತ್ತರವೆನ್ನಬಹುದು. ಟಿ. ಚೌಡಯ್ಯನವರು ನಾಲ್ಕು ತಂತಿಯ ಪಿಟೀಲಿಗೆ ಇನ್ನೂ ಮೂರು ತಂತಿ ಸೇರಿಸಿ ಏಳಾಗಿಸಿದರು. ಧ್ವನಿವರ್ಧಕ ಎಲ್ಲೆಡೆ ಇಲ್ಲದ ಕಾಲದಲ್ಲಿ ಹಿಂದಿನ ಸಾಲಿನವನಿಗೂ ನಾದ ಮುಟ್ಟಬೇಕೆಂಬುದೇ ಅದರ ಉದ್ದೇಶ. ನಾದವನ್ನು ಗಟ್ಟಿಗೊಳಿಸಲು ಹೊರಟದ್ದು ವಾದ್ಯದ ಗುಣವನ್ನೇ ಮಾರ್ಪಡಿಸಿತು. ವಿಚಿತ್ರವೆಂದರೆ, 1990ರ ಬಳಿಕ ಮೆಟಲ್ ವಾದಕರು ಆರು ತಂತಿಯ ಗಿಟಾರಿಗೆ ತಗ್ಗಿನ ತಂತಿಯೊಂದನ್ನು ಸೇರಿಸಿ ತಲುಪಿದ್ದೂ ಏಳಕ್ಕೇ. 1985ರಲ್ಲಿ ಬಾಸ್ಟನ್ನಿನ ಬರ್ಕ್ಲಿ ಸಂಗೀತ ಕಾಲೇಜಿನ ವಿದ್ಯಾರ್ಥಿಗಳು ಕಟ್ಟಿದ ಡ್ರೀಮ್ ಥಿಯೇಟರ್ ಇದನ್ನು ಬಳಸಿದ ಪ್ರಸಿದ್ಧ ತಂಡ. ಅದರ 1992ರ ‘ಇಮೇಜಸ್ ಅಂಡ್ ವರ್ಡ್ಸ್’ ಆಲ್ಬಂ ಬಂದಮೇಲೆ ‘ಪ್ರೋಗ್ರೆಸಿವ್ ಮೆಟಲ್’ ಎಂಬ ಜೋಡಿಹೆಸರು ಭದ್ರವಾಯಿತು. ಇನ್ನು ಮೆಟಲಿನ ಗಿಟಾರಿನಲ್ಲಿ ಬಹುಪಾಲು ಕೇಳುವುದು ಷಡ್ಜ-ಪಂಚಮ. ನಾದವನ್ನು ವಿಕಾರಗೊಳಿಸಿದಾಗ ಗಾಂಧಾರ ಸೇರಿದರೆ ಕಲಕಿಹೋಗುತ್ತದೆ, ಷಡ್ಜ-ಪಂಚಮ ನಿಲ್ಲುತ್ತದೆ. ತಂಬೂರಿಯನ್ನು ಪೂಜ್ಯವೆಂದು ಬಗೆಯುವವರು ಈ ನಂಟಸ್ತಿಕೆಯನ್ನು ಗಮನಿಸಿದಂತಿಲ್ಲ.

ನಯಗಳೆರಡೂ ಎದುರುಬದುರು ನಿಲ್ಲುವ ಒಂದು ನಿದರ್ಶನ ಓಪೆತ್ ತಂಡದ್ದು. ವರ್ಷಗಟ್ಟಲೆ ಘರ್ಜನೆಯನ್ನೂ ಮೃದುಗಾನವನ್ನೂ ಒಂದೇ ದೀರ್ಘ ರಚನೆಯಲ್ಲಿ ಹೆಣೆದ ಈ ಸ್ವೀಡಿಷ್ ತಂಡ, 2011ರ ‘ಹೆರಿಟೇಜ್’ ಆಲ್ಬಮ್ಮಿನಲ್ಲಿ ಘರ್ಜನೆಯನ್ನು ತೊರೆದು 1970ರ ದಶಕದ ನಾದಕ್ಕೆ ಮರಳಿತು. ರೂಢಿಯ ಹೆಸರಿನಿಂದ ಅದು ಅಂದು ಪೂರ್ಣ ಪ್ರೋಗ್ರೆಸಿವ್ ಆಯಿತು. ಕ್ರಿಯೆಯಿಂದ ನೋಡಿದರೆ ಅದರ ಹಿಂದಿನ ಕರ್ಕಶ ಆಲ್ಬಮ್ಮುಗಳೇ ಹೆಚ್ಚು ಪ್ರೋಗ್ರೆಸಿವ್. ನಲವತ್ತು ವರ್ಷ ಹಿಂದಕ್ಕೆ ನಡೆಯುವುದನ್ನು ಪ್ರಗತಿಯೆನ್ನಲು ಶಬ್ದ ಒಪ್ಪದು, ಹಾಡು ಎಷ್ಟೇ ಇಂಪಾಗಿದ್ದರೂ.

ಬೆಂಗಳೂರಿನ ತಂಡಗಳಿಗೂ ಇದೇ ಅಳತೆಗೋಲು ಸಲ್ಲುತ್ತದೆ. 2003ರಲ್ಲಿ ಇಲ್ಲಿ ಹುಟ್ಟಿದ ‘ಅಗಂ’ ಕರ್ನಾಟಕ ಸಂಗೀತದ ಕೃತಿಗಳನ್ನು ರಾಕ್ ವಾದ್ಯಗಳೊಡನೆ ನುಡಿಸುತ್ತ ಪ್ರೋಗ್ರೆಸಿವ್ ಎಂಬ ಹೆಸರನ್ನು ಪಡೆದಿದೆ. ಅದಕ್ಕೆ ಆ ಹೆಸರು ಸಲ್ಲುವುದಾದರೆ ಗಿಟಾರಿನಿಂದಲ್ಲ. ಪಲ್ಲವಿಯ ಒಂದೇ ಸಾಲನ್ನು ಸಂಗತಿಯಿಂದ ಸಂಗತಿಗೆ ಬೆಳೆಸುವ ಕೃತಿಯ ಸ್ವಭಾವದಿಂದ, ಅಂದರೆ ಅಜ್ಜಂದಿರ ಕಡೆಯಿಂದ. 1998ರಲ್ಲಿ ಆರಂಭವಾದ ‘ಕ್ರಿಪ್ಟೋಸ್’ ಬೇರೆ ದಾರಿಯದು. 1980ರ ದಶಕದ ಹೆವಿ ಮೆಟಲಿನ ಮಾದರಿಯನ್ನು ತಿಳಿದೇ ಹಿಡಿದು, ಅದನ್ನು ಯೂರೋಪಿನ ವೇದಿಕೆಗಳವರೆಗೂ ಒಯ್ದ ತಂಡವದು. ಯಾವ ನಯದಿಂದಲೂ ಅದು ಪ್ರೋಗ್ರೆಸಿವ್ ಅಲ್ಲ. ಅದರ ಅಭಿಮಾನಿಗಳು ಆ ಬಿರುದಿಗಾಗಿ ವಾದಿಸಬೇಕಾಗಿಯೂ ಇಲ್ಲ. ಮುತ್ತಯ್ಯ ಭಾಗವತರ ಕೃತಿಯೊಂದನ್ನು ಪಾಠವಿದ್ದಂತೆ ಹಾಡಿ ಮುಗಿಸಿದವರನ್ನು ಹೊಸದೇನು ಮಾಡಿದಿರೆಂದು ಚಾಮರಾಜಪೇಟೆಯಲ್ಲಿ ಯಾರೂ ಕೇಳುವುದಿಲ್ಲ.